ಚೀನೀ ನಾಮಪದಗಳನ್ನು ಒಂಟಿಯಾಗಿ ಕಲಿಯಬೇಡಿ

ಪುಸ್ತಕ, ಮೇಜು, ಬೆಕ್ಕು, ನೀರು, ಅಣ್ಣ, ಆಸ್ಪತ್ರೆ. ಚೀನೀ ಕಲಿಯುವವರ ಮೊದಲ ಪಟ್ಟಿ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. 2010ರ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಮೊದಲ ಹಂತಕ್ಕೆ ಬೇಕಿದ್ದುದು ಬರೀ 150 ಪದ. ಮನಸ್ಸು ಮಾಡಿದರೆ ಅಷ್ಟನ್ನು ಬೇಗನೇ ಬಾಯಿಪಾಠ ಮಾಡಬಹುದು. ಆದರೆ ಅಂಗಡಿಯಲ್ಲಿ ನಿಂತು 'ಎರಡು ಪುಸ್ತಕ ಕೊಡಿ' ಅನ್ನುವಾಗ ಮಾತು ತಡೆಯುತ್ತದೆ. ಚೀನೀಯಲ್ಲಿ ಸಂಖ್ಯೆಯ ಪಕ್ಕದಲ್ಲಿ ನೇರವಾಗಿ ನಾಮಪದ ಬರುವಂತಿಲ್ಲ, ನಡುವೆ ಒಂದು ಅಳತೆಪದ ಬೇಕು. ಅದನ್ನು ಬಿಟ್ಟು ಕಲಿತ ನಾಮಪದ ಅರ್ಧ ಕಲಿತಂತೆ. ಇನ್ನೊಂದು ಮಾತು: ಸಿಗುವ ಪುಸ್ತಕಗಳೆಲ್ಲ ಇಂಗ್ಲಿಷಿನವು ಎಂದು ನಾವು ಇಂಗ್ಲಿಷ್ ದಾರಿಯಲ್ಲಿ ಚೀನೀಗೆ ಹೋಗುತ್ತೇವೆ. ಹಲವು ಕಡೆ ಅದು ಸುತ್ತುದಾರಿ, ಕನ್ನಡದಿಂದ ನೇರ ಹೋಗುವುದೇ ಹತ್ತಿರ.

ಉಚ್ಚಾರದಿಂದಲೇ ಇದು ಶುರುವಾಗುತ್ತದೆ. ಇಲ್ಲಿ ಹೇಳುತ್ತಿರುವುದು ಚೀನಾದ ಶಿಷ್ಟಭಾಷೆ ಮ್ಯಾಂಡರಿನ್ ಬಗ್ಗೆ. 1958ರಿಂದ ಬಳಕೆಯಲ್ಲಿರುವ ಫಿನ್‌ಯಿನ್ ಎಂಬ ರೋಮನ್ ಬರಹದಲ್ಲಿ ಬಿ, ಡಿ, ಜಿ ಅಕ್ಷರಗಳನ್ನು ಕಂಡವರು 'ಬ, ದ, ಗ' ಎಂದು ಓದುತ್ತಾರೆ. ಚೀನೀ ಕಿವಿಗೆ ಅವು ಪ, ತ, ಕ. ಪಿ, ಟಿ, ಕೆ ಎಂದು ಬರೆದವು ಫ, ಥ, ಖ. ನಮ್ಮ ಅಲ್ಪಪ್ರಾಣ ಮಹಾಪ್ರಾಣದ ಭೇದವೇ ಅಲ್ಲಿರುವುದು. ಆಡುಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗುವುದು ಹೆಚ್ಚು, ಅದಕ್ಕೇ ಒಂದು ಸಣ್ಣ ಪರೀಕ್ಷೆ: ಬಾಯಿಯ ಮುಂದೆ ತೆಳು ಕಾಗದ ಹಿಡಿಯಿರಿ. ಖ, ಥ, ಫ ಅಂದಾಗ ಕಾಗದ ಅಲುಗಬೇಕು, ಕ, ತ, ಪ ಅಂದಾಗ ಅಲುಗಬಾರದು.

ಈ ಬರಹದಲ್ಲಿ ಉಚ್ಚಾರವನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಅಕ್ಷರದ ಪಕ್ಕದ ಅಂಕಿ ಸ್ವರದ್ದು, ಅಂದರೆ ದನಿಯ ಏರಿಳಿತದ್ದು: 1 ಎತ್ತರದಲ್ಲಿ ಸಮ, 2 ಕೆಳಗಿಂದ ಮೇಲೆ, 3 ತಗ್ಗಿನಲ್ಲಿ, 4 ಮೇಲಿಂದ ಥಟ್ಟನೆ ಕೆಳಗೆ. ಅಂಕಿ ಇಲ್ಲದ್ದು ಹಗುರ. ತುಟಿ ಹಲ್ಲಿಗೆ ತಾಗುವ ಧ್ವನಿಗೆ ಮಾತ್ರ ಫ಼ ಎಂದು ಚುಕ್ಕೆ ಇಟ್ಟಿದ್ದೇನೆ. ಇದು ಓದುವ ಅನುಕೂಲಕ್ಕೆ ಅಷ್ಟೇ. ನಿಘಂಟು ನೋಡಲು, ಫೋನಿನಲ್ಲಿ ಟೈಪ್ ಮಾಡಲು ಫಿನ್‌ಯಿನ್ ಬೇಕೇ ಬೇಕು.

ಸ್ವರ ತಪ್ಪಿದರೆ ಉಚ್ಚಾರ ಸ್ವಲ್ಪ ವಿಚಿತ್ರವಾಗುವುದಲ್ಲ, ಪದವೇ ಬದಲಾಗುತ್ತದೆ. ಷೂ1 ಪುಸ್ತಕ, ಷೂ4 ಮರ. ಥಾಂಗ್1 ಸೂಪ್, ಥಾಂಗ್2 ಸಕ್ಕರೆ. ಯೆನ್1 ಹೊಗೆ ಅಥವಾ ಸಿಗರೇಟು, ಯೆನ್2 ಉಪ್ಪು. ಪೇಯ್1-ತ್ಸ ಅಂದರೆ ಕುಡಿಯುವ ಲೋಟ, ಪೇಯ್4-ತ್ಸ ಅಂದರೆ ಹೊದೆಯುವ ರಜಾಯಿ. ಯೆನ್3-ಚಿಂಗ್ ಕಣ್ಣು, ಕೊನೆಯ ಅಕ್ಷರವನ್ನು ಒತ್ತಿ ಯೆನ್3-ಚಿಂಗ್4 ಅಂದರೆ ಕನ್ನಡಕ. ಇಂಥ ಜೋಡಿಗಳನ್ನು ಒಟ್ಟಿಗೇ ಕಲಿಯುವುದು ಒಳ್ಳೆಯದು. ಬೇರೆ ಬೇರೆ ದಿನ ಕಲಿತರೆ ಎರಡೂ ಕಲಸಿಹೋಗುತ್ತವೆ.

ಈಗ ಅಳತೆಪದ. ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. 'ಮೂರು ಜನ ಮೇಷ್ಟ್ರು', 'ಎರಡು ಜೊತೆ ಚಪ್ಪಲಿ', 'ಎರಡು ಮಾರು ಮಲ್ಲಿಗೆ', 'ಒಂದು ಚಿಪ್ಪು ಬಾಳೆಹಣ್ಣು' ಎಲ್ಲ ನಾವು ದಿನಾ ಆಡುವುದೇ. ನಮ್ಮಲ್ಲಿ ಕೆಲವಕ್ಕೆ ಮಾತ್ರ ಇದೆ, ಅಲ್ಲಿ ಎಣಿಸುವ ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಬೇಕು. ಕ್ರಮ ಹೀಗೆ: ಸಂಖ್ಯೆ, ಅಳತೆಪದ, ನಾಮಪದ. ಸಾನ್1 ಪನ್3 ಷೂ1, ಮೂರು ಪುಸ್ತಕ. 'ಈ', 'ಆ' ಬಂದರೂ ಅಳತೆಪದ ಬಿಡುವಂತಿಲ್ಲ: ಟ್ಷ4 ಪನ್3 ಷೂ1, ಈ ಪುಸ್ತಕ. ಸಂಖ್ಯೆಗೆ ಹಾಕುವವರೂ ಇಲ್ಲಿ ಮರೆಯುತ್ತಾರೆ.

ಯಾವ ವಸ್ತುವಿಗೆ ಯಾವ ಅಳತೆಪದ ಎನ್ನುವುದನ್ನು ಬಹುಮಟ್ಟಿಗೆ ಆಕಾರ ಹೇಳುತ್ತದೆ. ಹರವಾಗಿ ಚಪ್ಪಟೆಯಾಗಿರುವುದಕ್ಕೆ ಟ್ಷಾಂಗ್1: ಕಾಗದ, ಟಿಕೆಟ್, ನಕ್ಷೆ, ಫೋಟೋ, ಜೊತೆಗೆ ಮೇಜು ಮತ್ತು ಹಾಸಿಗೆಮಂಚ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಮೇಲಿನ ಹಲಗೆ. ಉದ್ದವಾಗಿ ಬಳುಕುವುದಕ್ಕೆ ಥ್ಯಾವ್2: ನದಿ, ರಸ್ತೆ, ಹಾವು, ಮೀನು, ಲಂಗ, ಪ್ಯಾಂಟು. ಕೈಯಲ್ಲಿ ಹಿಡಿಯುವ ಜಾಗ ಇರುವುದಕ್ಕೆ ಪಾ3: ಚಾಕು, ಕೊಡೆ, ಬೀಗದ ಕೈ, ಮತ್ತು ಬೆನ್ನು ಹಿಡಿದು ಎಳೆಯುವ ಕುರ್ಚಿ. ಹಾಗಾಗಿ ಊಟದ ಮನೆಯ ಮೇಜು ಟ್ಷಾಂಗ್1, ಅದರ ಪಕ್ಕದ ಕುರ್ಚಿ ಪಾ3. ಗಾಡಿಗಳಿಗೆ ಲ್ಯಾಂಗ್4, ಯಂತ್ರಗಳಿಗೆ ಥಾಯ್2, ಅಂಗಡಿ, ಹೋಟೆಲ್, ಕಂಪನಿಗೆ ಚ್ಯಾ1. ಅಂಗಿ, ಕೋಟಿಗೆ ಚ್ಯೆನ್4, ವಿಚಾರ ಅಥವಾ ಸಂಗತಿಗೂ ಅದೇ.

ಪ್ಯಾಂಟಿನ ವಿಷಯದಲ್ಲಿ ಇಂಗ್ಲಿಷ್ ದಾರಿ ತಪ್ಪಿಸುತ್ತದೆ. ಇಂಗ್ಲಿಷಿನಲ್ಲಿ ಪ್ಯಾಂಟೂ ಒಂದು ಜೊತೆ, ಕನ್ನಡಕವೂ ಒಂದು ಜೊತೆ. ಅದನ್ನು ನಂಬಿ ಜೋಡಿಯ ಅಳತೆಪದ ಷ್ವಾಂಗ್1 ಹಾಕಿದರೆ ತಪ್ಪು. ಷ್ವಾಂಗ್1 ನಿಜವಾಗಿ ಎರಡಿರುವುದಕ್ಕೆ ಮಾತ್ರ: ಚಪ್ಪಲಿ, ಕಾಲುಚೀಲ, ಊಟದ ಕಡ್ಡಿಗಳು. ಪ್ಯಾಂಟಿಗೆ ಥ್ಯಾವ್2, ಕನ್ನಡಕಕ್ಕೆ ಫ಼ೂ4. ಜೋಡಿಯಲ್ಲಿ ಒಂದೇ ಕಳೆದುಹೋಗಿದ್ದರೆ ಆ ಒಂಟಿ ಚಪ್ಪಲಿಗೆ ಟ್ಷಿ1. ಬೆಕ್ಕು, ಕೋಳಿ, ಹಕ್ಕಿಗಳಿಗೂ ಟ್ಷಿ1. ನಾಯಿಗೆ ಟ್ಷಿ1 ಅಂದರೂ ನಡೆಯುತ್ತದೆ, ಥ್ಯಾವ್2 ಅಂದರೂ ನಡೆಯುತ್ತದೆ. ಹಸು, ಆನೆಗೆ ಥೋವ್2, ಕುದುರೆಗೆ ಫೀ3.

ಯಾವುದೂ ನೆನಪಾಗದಿದ್ದರೆ ಕ4 ಇದೆ. ಮನುಷ್ಯರಿಗೆ, ಸೇಬಿಗೆ, ಬಹಳಷ್ಟು ಸಾಮಾನುಗಳಿಗೆ ಅದೇ ಸರಿಯಾದ ಅಳತೆಪದ, ಮಿಕ್ಕ ಕಡೆಯೂ ಕೇಳುವವರಿಗೆ ಅರ್ಥವಾಗುತ್ತದೆ. ಮಾತು ನಿಲ್ಲಿಸಿ ತಡವರಿಸುವುದಕ್ಕಿಂತ ಕ4 ಹಾಕಿ ಮುಂದೆ ಹೋಗುವುದು ಮೇಲು. ಆದರೆ ನೀರು, ಟೀ, ಅನ್ನದಂಥವಕ್ಕೆ ಅದು ಒದಗುವುದಿಲ್ಲ, ಪಾತ್ರೆಯ ಹೆಸರೇ ಬೇಕು. ಯೀ4 ಪೇಯ್1 ಠ್ಷಾ2 ಅಂದರೆ ಒಂದು ಲೋಟ ಟೀ. ಯೀ2 ಕ ಪೇಯ್1-ತ್ಸ ಅಂದರೆ ಬರಿಯ ಲೋಟ, ಒಳಗೆ ಏನೂ ಇಲ್ಲ. 'ತ್ಸ' ಸೇರಿದರೆ ಪಾತ್ರೆ, ಬಿಟ್ಟರೆ ಅಳತೆ. ಹೋಟೆಲಿನಲ್ಲಿ ಇದನ್ನು ತಿರುವುಮುರುವು ಮಾಡಿದರೆ ಖಾಲಿ ಲೋಟ ಬಂದೀತು.

ಮೇಲೆ 'ಒಂದು' ಎನ್ನುವುದಕ್ಕೆ ಎರಡು ಬಗೆ ಬರೆದದ್ದು ಅಚ್ಚಿನ ತಪ್ಪಲ್ಲ. ಯೀ1 ಮುಖ್ಯವಾಗಿ ಬಿಡಿಯಾಗಿ ಎಣಿಸುವಾಗ. ಮುಂದೆ 4ನೇ ಸ್ವರವಿದ್ದರೆ ಯೀ2, ಬೇರೆ ಮೂರರಲ್ಲಿ ಯಾವುದಿದ್ದರೂ ಯೀ4. ಕ ಹಗುರವಾಗಿ ಕೇಳಿದರೂ ಮೂಲದಲ್ಲಿ 4, ಅದಕ್ಕೇ ಯೀ2 ಕ. 'ಎರಡು' ಎನ್ನುವುದಕ್ಕೂ ಎರಡು ಪದ: ಎಣಿಕೆಗೆ ಅರ್4, ಅಳತೆಪದದ ಮುಂದೆ ಲ್ಯಾಂಗ್3. ಎರಡು ಗಾಡಿ ಎನ್ನುವುದು ಲ್ಯಾಂಗ್3 ಲ್ಯಾಂಗ್4 ಠ್ಷ1. ನಾಲಿಗೆಗೆ ಒಳ್ಳೆ ವ್ಯಾಯಾಮ! ಎರಡು 3ನೇ ಸ್ವರಗಳು ಅಕ್ಕಪಕ್ಕ ಬಂದರೆ ಮೊದಲನೆಯದು 2 ಆಗುತ್ತದೆ. ನಿಘಂಟುಗಳಲ್ಲಿ ಇದನ್ನು ತೋರಿಸುವುದಿಲ್ಲ. ಮೂರು ಕೊಡೆ: ಬರೆಯುವುದು ಸಾನ್1 ಪಾ3 ಸಾನ್3, ಹೇಳುವುದು ಸಾನ್1 ಪಾ2 ಸಾನ್3.

ಬಹುವಚನದ ತಲೆನೋವು ಇಲ್ಲ. ನಾವು 'ಹತ್ತು ರೂಪಾಯಿ', 'ಮೂರು ಪುಸ್ತಕ' ಅಂದು ಸುಮ್ಮನಾಗುವಂತೆ ಅಲ್ಲಿ ಎಲ್ಲದಕ್ಕೂ ಹಾಗೆಯೇ. ಮನುಷ್ಯರಿಗೆ ಮಾತ್ರ 'ಮನ್' ಎಂಬ ಪ್ರತ್ಯಯವಿದೆ: ಶ್ವೆ2-ಷಂಗ್-ಮನ್, ವಿದ್ಯಾರ್ಥಿಗಳು. ಸಂಖ್ಯೆ ಬಂತೆಂದರೆ ಇದನ್ನು ಬಿಡಬೇಕು. ಮೂವರು ವಿದ್ಯಾರ್ಥಿಗಳು ಎನ್ನಲು ಸಾನ್1 ಕ ಶ್ವೆ2-ಷಂಗ್ ಸಾಕು. 'ಮೂವರು' ಅನ್ನುವ ಅಭ್ಯಾಸದಿಂದ ನಾವು 'ಮನ್' ಅಂಟಿಸಿಬಿಡುತ್ತೇವೆ. ಹೋಟೆಲಿನ ಬಾಗಿಲಲ್ಲಿ 'ಚೀ3 ವೇಯ್4?' ಎಂದು ಕೇಳುತ್ತಾರೆ, ಎಷ್ಟು ಜನ ಬಂದಿದ್ದೀರಿ ಎಂದು. ವೇಯ್4 ಗೌರವದ ಅಳತೆಪದ, ನಮಗೆ ನಾವೇ ಹಾಕಿಕೊಳ್ಳದಿರುವುದು ಲೇಸು. ಸಾನ್1 ಕ ರನ್2 ಎಂದರೆ ಸರಿ.

ಕಾಲದ ಪದಗಳಲ್ಲಿ ಒಂದು ಗುಂಡಿ ಇದೆ. ದಿನ ಮತ್ತು ವರ್ಷಕ್ಕೆ ಅಳತೆಪದ ಬೇಡ: ಸಾನ್1 ಥ್ಯೆನ್1 ಮೂರು ದಿನ, ಸಾನ್1 ನ್ಯೆನ್2 ಮೂರು ವರ್ಷ. ತಿಂಗಳು ಮತ್ತು ವಾರಕ್ಕೆ ಬೇಕು. ಸಾನ್1 ಕ ಯ್ವೆ4 ಮೂರು ತಿಂಗಳು, ಕ ಬಿಟ್ಟು ಸಾನ್1-ಯ್ವೆ4 ಅಂದರೆ ಮಾರ್ಚ್. ಸಾನ್1 ಕ ಶಿಂಗ್1-ಛೀ1 ಮೂರು ವಾರ, ಸಂಖ್ಯೆಯನ್ನು ಹಿಂದಕ್ಕೆ ಹಾಕಿ ಶಿಂಗ್1-ಛೀ1-ಸಾನ್1 ಅಂದರೆ ಬುಧವಾರ. ವೀಸಾ ಕಚೇರಿಯಲ್ಲಿ ಮೂರು ತಿಂಗಳಿಗೂ ಮಾರ್ಚ್‌ಗೂ ವ್ಯತ್ಯಾಸ ಸಣ್ಣದಲ್ಲ.

ಪದಗಳು ಬೆಳೆಯುವ ಬಗೆ ಗೊತ್ತಾದರೆ ಪಟ್ಟಿ ಚಿಕ್ಕದಾಗುತ್ತದೆ. ಮುಖ್ಯ ಪದ ಸಾಮಾನ್ಯವಾಗಿ ಕೊನೆಗೆ. ಠ್ಷ1 ಅಂದರೆ ಗಾಡಿ: ಹ್ವೊ3-ಠ್ಷ1 ಬೆಂಕಿಗಾಡಿ, ರೈಲು, ಛೀ4-ಠ್ಷ1 ಕಾರು, ತ್ಸ4-ಶಿಂಗ್2-ಠ್ಷ1 ಸೈಕಲ್. ಮೂರಕ್ಕೂ ಗಾಡಿ ಎನ್ನುವುದು ಕೊನೆಯಲ್ಲಿದೆ. ಕಾರು, ಸೈಕಲ್ಲಿಗೆ ಅಳತೆಪದವೂ ಒಂದೇ, ಲ್ಯಾಂಗ್4. ತ್ಯೆನ್4 ವಿದ್ಯುತ್ತು: ತ್ಯೆನ್4-ಹ್ವಾ4 ವಿದ್ಯುತ್-ಮಾತು, ಟೆಲಿಫೋನು, ತ್ಯೆನ್4-ನಾವ್3 ವಿದ್ಯುತ್-ಮಿದುಳು, ಕಂಪ್ಯೂಟರ್, ತ್ಯೆನ್4-ಯಿಂಗ್3 ವಿದ್ಯುತ್-ನೆರಳು, ಸಿನಿಮಾ, ತ್ಯೆನ್4-ಥೀ1 ವಿದ್ಯುತ್-ಏಣಿ, ಲಿಫ್ಟ್. ಅಂಗಡಿಗೂ ತ್ಯೆನ್4 ಎಂದೇ ಹೆಸರು, ಸ್ವರವೂ ಒಂದೇ, ಲಿಪಿ ಬೇರೆ. ಈ ಪದಗಳಲ್ಲಿ ಕಿವಿಗೆ ಗುರುತು ಜಾಗವೇ: ಮುಂದಿದ್ದರೆ ವಿದ್ಯುತ್ತು, ಷೂ1-ತ್ಯೆನ್4 ಎಂಬಂತೆ ಕೊನೆಯಲ್ಲಿದ್ದರೆ ಅಂಗಡಿ. ಲಿಪಿಯಲ್ಲೂ ಇಂಥ ಸುಳಿವುಗಳಿವೆ. ಕುರ್ಚಿ, ಲೋಟ, ದಿಂಬು, ಸೇತುವೆ ಇವುಗಳ ಅಕ್ಷರಗಳಲ್ಲಿ ಎಡಗಡೆ ಮರದ ಗುರುತಿದೆ.

ಅಡುಗೆಮನೆ ಮತ್ತು ನೆಂಟಸ್ತಿಕೆ ಎರಡನ್ನೂ ದಯವಿಟ್ಟು ಕನ್ನಡದಿಂದಲೇ ಕಲಿಯಿರಿ. ಇಂಗ್ಲಿಷಿನ 'ರೈಸ್' ಒಂದೇ. ಚೀನೀಯಲ್ಲಿ ಭತ್ತ ತಾವ್4-ತ್ಸ, ಅಕ್ಕಿ ಮೀ3, ಅನ್ನ ಮೀ3-ಫ಼ಾನ್4. ಫ಼ಾನ್4 ಒಂದೇ ಬಂದರೆ ಊಟವೂ ಹೌದು, ನಮ್ಮಲ್ಲಿ 'ಅನ್ನ' ಕೆಲವು ಸಲ ಊಟವೇ ಆಗುವ ಹಾಗೆ. ಥ್ಸಾಯ್4 ಎಂದರೆ ತರಕಾರಿ, ಮಾಡಿದ ಪದಾರ್ಥ ಎರಡೂ, ಆದ್ದರಿಂದ ಥ್ಸಾಯ್4 ಎಂದ ಮಾತ್ರಕ್ಕೆ ಸಸ್ಯಾಹಾರ ಎಂದು ತಿಳಿಯಬಾರದು. ರೋವ್4 ಮಾಂಸ, ಬೇರೆ ವಿಶೇಷಣ ಇಲ್ಲದಿದ್ದರೆ ಸಾಮಾನ್ಯವಾಗಿ ಹಂದಿಯದು. ಸಸ್ಯಾಹಾರಿಗಳು 'ವೊ3 ಠ್ಷಿ1 ಸೂ4' ಎಂದು ಹೇಳಿ, ಮೊಟ್ಟೆಯೂ ಬೇಡವಾದರೆ ಚೀ1-ತಾನ್4 ಬೇಡವೆಂದು ಬೇರೆಯಾಗಿ ಹೇಳಬೇಕು.

ಅಣ್ಣ ಕ1-ಕ, ತಮ್ಮ ತೀ4-ತಿ, ಅಕ್ಕ ಚ್ಯೆ3-ಚ್ಯೆ, ತಂಗಿ ಮೇಯ್4-ಮೇಯ್. ದೊಡ್ಡಪ್ಪ ಪ್ವೊ2-ಪ್ವೊ, ಚಿಕ್ಕಪ್ಪ ಷೂ1-ಷು, ಸೋದರಮಾವ ಚ್ಯೋವ್4-ಚ್ಯೋವ್, ಸೋದರತ್ತೆ ಕೂ1-ಕು. ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ, 'ಅಂಕಲ್' ಮಧ್ಯೆ ಬಂದರೆ ಎಲ್ಲ ಕಲಸುತ್ತದೆ. ಹೊಂದದೇ ಇರುವುದು ಎರಡು ಕಡೆ. ಅಜ್ಜ ಅಜ್ಜಿಯರನ್ನು ಅವರು ಬೇರೆ ಮಾಡುತ್ತಾರೆ: ತಂದೆಯ ಕಡೆ ಯೆ2-ಯೆ, ನಾಯ್3-ನಾಯ್; ತಾಯಿಯ ಕಡೆ ವಾಯ್4-ಕುಂಗ್1, ವಾಯ್4-ಫ್ವೊ2. ಇನ್ನೊಂದು, ಚಿಕ್ಕಮ್ಮ ದೊಡ್ಡಮ್ಮನ, ಅಂದರೆ ತಾಯಿಯ ಅಕ್ಕತಂಗಿಯರ ಮಕ್ಕಳು. ನಮಗೆ ಅವರು ಅಣ್ಣತಮ್ಮಂದಿರೇ, ಮಾವನ ಮಗ ಬೇರೆ ಸಾಲಿನವನು. ಅಲ್ಲಿ ತಂದೆಯ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಥಾಂಗ್2 ಸಾಲು. ಅತ್ತೆ, ಮಾವ, ಚಿಕ್ಕಮ್ಮ, ದೊಡ್ಡಮ್ಮ ಇವರೆಲ್ಲರ ಮಕ್ಕಳೂ ಪ್ಯಾವ್3 ಸಾಲಿಗೆ ಸೇರುತ್ತಾರೆ.

ನಾಮಪದಕ್ಕೆ ವಿಭಕ್ತಿ ಇಲ್ಲ, ಆದರೆ ಜಾಗ ಹೇಳುವ ಪದ ನಮ್ಮಂತೆಯೇ ಹಿಂದೆ ಬರುತ್ತದೆ. ಟ್ಷ್ವೊ1-ತ್ಸ ಷಾಂಗ್, ಮೇಜಿನ ಮೇಲೆ. 'ಒಳಗೆ' ಎನ್ನಲು ಲಿ. 'ಚೀನಾದಲ್ಲಿ' ಎನ್ನುವ ಅಲ್ಲಿ-ಪ್ರತ್ಯಯವನ್ನು ಲಿ ಮಾಡಬೇಡಿ: ದೇಶ, ಊರಿನ ಹೆಸರಿಗೆ ಅದು ಸೇರದು, ತ್ಸಾಯ್4 ಟ್ಷುಂಗ್1-ಕ್ವೊ2 ಅಷ್ಟೇ. ಮನುಷ್ಯರಾದರೆ 'ಹತ್ತಿರ' ಬೇಕು: ಷೂ1 ತ್ಸಾಯ್4 ವೊ3 ಟ್ಷರ್4, ಪುಸ್ತಕ ನನ್ನ ಹತ್ರ ಇದೆ. ವಿಶೇಷಣ ವಾಕ್ಯವೂ ನಮ್ಮ ಕ್ರಮದಲ್ಲೇ ಇದೆ. 'ನಾನು ಕೊಂಡ ಆ ಪುಸ್ತಕ' ಎನ್ನುವುದು ವೊ3 ಮಾಯ್3 ತ ನಾ4 ಪನ್3 ಷೂ1. ಅಳತೆಪದ ಒಂದನ್ನು ಬಿಟ್ಟರೆ ಪದಕ್ಕೆ ಪದ ಸರಿ. ಇಂಗ್ಲಿಷಿಗೆ ಹೋಗಿ ಬಂದರೆ ಇದನ್ನೇ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ಮಾಡಬೇಕು.

ಹಾಗೆಯೇ ಇಲ್ಲ ಮತ್ತು ಅಲ್ಲ. ಟೀ ಇಲ್ಲ: ಮೇಯ್2-ಯೋವ್3 ಠ್ಷಾ2. ಇದು ಟೀ ಅಲ್ಲ: ಟ್ಷ4 ಪೂ2 ಷಿ4 ಠ್ಷಾ2. ಕನ್ನಡದಲ್ಲಿ ಇವೆರಡನ್ನು ಬೆರೆಸದವರು ಅಲ್ಲೂ ಬೆರೆಸುವುದಿಲ್ಲ.

ಕಾರ್ಡು ಮಾಡಿಕೊಂಡು ಕಲಿಯುವವರು ಮುಂದೆ ಚಿತ್ರ, ಹಿಂದೆ ಬಿಡಿಪದ ಬರೆಯುವ ಪದ್ಧತಿ ಬಿಡಿ. ಮುಂದೆ 'ಮೂರು ಕೊಡೆ', 'ಆ ಕುರ್ಚಿ', 'ಮೇಜಿನ ಮೇಲೆ ಎರಡು ಲೋಟ ಟೀ' ಎಂದು ಕನ್ನಡದಲ್ಲೇ ಬರೆಯಿರಿ, ಹಿಂದೆ ಪೂರ್ತಿ ಪದಗುಚ್ಛ, ಸ್ವರದ ಅಂಕಿ ಸಮೇತ. ದಿನಕ್ಕೆ ಆರೇಳು ಕಾರ್ಡು ಸಾಕು. ಸಂಖ್ಯೆಯನ್ನು ಬದಲಿಸುತ್ತಿರಿ, ಇಲ್ಲದಿದ್ದರೆ ಪದಗುಚ್ಛ ಮಂತ್ರದಂತೆ ಕಚ್ಚಿಕೊಂಡು 'ಒಂದು' ಎನ್ನುವಾಗ ಸ್ವರ ತಪ್ಪುತ್ತದೆ. ಅಳತೆಪದ ಗೊತ್ತಿಲ್ಲದಿದ್ದರೆ ಪ್ಲೆಕೊ ಎಂಬ ನಿಘಂಟು ಆ್ಯಪ್‌ನಲ್ಲಿ ನಾಮಪದ ಹುಡುಕಿ. ಬಹಳಷ್ಟು ಪದಗಳಿಗೆ ಅರ್ಥದ ಜೊತೆಯಲ್ಲೇ ಅದನ್ನು ಕೊಟ್ಟಿರುತ್ತಾರೆ. ಎರಡು ಮೂರು ಕೊಟ್ಟಿದ್ದರೆ ಮೊದಲನೆಯದನ್ನು ಮಾತ್ರ ಕಾರ್ಡಿಗೆ ಹಾಕಿ.