ತಪ್ಪುಕಾಣಿಕೆ ಹಾಕುವ ಮೊದಲು

ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂದರೆ ಕಾಸರಗೋಡು ಕಡೆ ಮೊದಲು ನೆನಪಾಗುವುದು ಜೋಯಿಸರು. ತಾಂಬೂಲ ಪ್ರಶ್ನೆ ಇಡಿಸುತ್ತೇವೆ. ಕೊಂಡುಹೋದ ವೀಳ್ಯದೆಲೆಗಳನ್ನು ಎಣಿಸಿ, ಇಮ್ಮಡಿ ಮಾಡಿ, ಐದರಿಂದ ಗುಣಿಸಿ, ಒಂದು ಕೂಡಿಸಿ ಏಳರಿಂದ ಭಾಗಿಸಿದರೆ ಉಳಿದ ಶೇಷ ಗ್ರಹವನ್ನು ಹೇಳುತ್ತದೆ. ಎಲೆ 24 ಇದ್ದರೆ 241 ಆಯಿತು, ಶೇಷ 3, ವಾರದ ಕ್ರಮದಲ್ಲಿ ಸೂರ್ಯನಿಂದ ಎಣಿಸಿದರೆ ಕುಜ, ಅಂದರೆ ಮಂಗಳ. ಅಲ್ಲಿಂದ ಮಾತು ನಾಗನಿಗೆ, ತರವಾಡಿನ, ಅಂದರೆ ಕುಟುಂಬದ ಮೂಲಮನೆಯ ದೈವಕ್ಕೆ, ಬಾಕಿ ಉಳಿದ ಹರಕೆಗೆ ಹೋಗುತ್ತದೆ. ಪರಿಹಾರದ ಪಟ್ಟಿಯಲ್ಲಿ ಎಲ್ಲೋ ಒಂದು ಸಾಲು: ಇಂಥ ಸನ್ನಿಧಿಗೆ ತಪ್ಪುಕಾಣಿಕೆ, ಅಂದರೆ ಆದ ತಪ್ಪಿಗೆ ಕ್ಷಮೆ ಬೇಡಿ ದೇವರಿಗೆ ಒಪ್ಪಿಸುವ ಹಣ. ಇಡೀ ಪಟ್ಟಿಯಲ್ಲಿ ಖರ್ಚು ಕಡಿಮೆ ಇರುವುದು ಅದಕ್ಕೆ. ಸರಿಯಾಗಿ ಮಾಡಹೊರಟರೆ ಎಲ್ಲಕ್ಕಿಂತ ಕಷ್ಟದ್ದೂ ಅದೇ.

ಕಷ್ಟ ಬಂದಾಗ ಮಾತ್ರ ದೇವರು ನೆನಪಾದರು ಎಂದು ನಾಚಬೇಕಾಗಿಲ್ಲ. ಗೀತೆಯ 7ನೆಯ ಅಧ್ಯಾಯದ 16ನೆಯ ಶ್ಲೋಕದಲ್ಲಿ ನಾಲ್ಕು ಬಗೆಯ ಭಕ್ತರಿದ್ದಾರೆ. ಅವರಲ್ಲಿ ಮೊದಲ ಹೆಸರೇ ಆರ್ತನದು, ಅಂದರೆ ಕಷ್ಟದಲ್ಲಿರುವವನದು. ಅವನನ್ನೂ ಸುಕೃತಿಗಳ ಸಾಲಿನಲ್ಲೇ ಕೂರಿಸಿದ್ದಾರೆ.

ಆದರೆ ಕಷ್ಟವೆಲ್ಲ ಮಾಡಿದ ತಪ್ಪಿನ ಫಲ ಎಂದು ಹೊರಟರೆ ದಾರಿ ತಪ್ಪುತ್ತದೆ. ಕಾಸರಗೋಡಿನದ್ದೇ ಎಣ್ಮಕಜೆ, ಪಡ್ರೆಯ ಕಡೆ ಅಂಗವಿಕಲ ಮಕ್ಕಳು ಹುಟ್ಟತೊಡಗಿದಾಗ ದೈವದ ಮುನಿಸು ಎಂದು ನಂಬಿದವರಿದ್ದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸುರಿದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆ ತಾಯಂದಿರು ಯಾವ ತಪ್ಪಿಗೆ ಕಾಣಿಕೆ ಹಾಕಬೇಕಿತ್ತು? ಹಾಸಿಗೆ ಹಿಡಿದವರ ಬಳಿ ಕೂತು "ಏನೋ ದೋಷ ಇರಬೇಕು" ಎನ್ನುವವರು ಇದನ್ನೊಮ್ಮೆ ನೆನೆದರೆ ಒಳ್ಳೆಯದು. ಕಷ್ಟಕಾಲ ನಮ್ಮ ಕಡೆಗೇ ತಿರುಗಿ ನೋಡಲು ಒಂದು ಸಂದರ್ಭ, ಅಷ್ಟೇ. ಔಷಧಿ ನಿಲ್ಲಿಸಿ ಪ್ರಾರ್ಥನೆಗೆ ಕೂರುವುದೂ ಸಲ್ಲ.

ಹಾಗಾದರೆ ತಪ್ಪನ್ನು ಹುಡುಕುವುದು ಹೇಗೆ? ಸಂಧ್ಯಾವಂದನೆಯಲ್ಲೇ ಪಟ್ಟಿ ಇದೆ, ಗಡಿಬಿಡಿಯಲ್ಲಿ ನೀರು ಕುಡಿದು ಮುಂದೆ ಹೋಗುತ್ತೇವೆ. ಆ ನೀರು ಕುಡಿಯುವಾಗ ಹೇಳುವ ಮಂತ್ರಗಳಲ್ಲಿ ಬೆಳಗಿನ 'ಸೂರ್ಯಶ್ಚ' ರಾತ್ರಿಯ ಪಾಪಕ್ಕೆ, ಸಂಜೆಯ 'ಅಗ್ನಿಶ್ಚ' ಹಗಲಿನದ್ದಕ್ಕೆ. ಮನಸ್ಸಿನಿಂದ, ಮಾತಿನಿಂದ, ಕೈಗಳಿಂದ, ಕಾಲುಗಳಿಂದ, ಹೊಟ್ಟೆಯಿಂದ, ಜನನೇಂದ್ರಿಯದಿಂದ ಆದದ್ದು ಎಂದು ಒಂದೊಂದಾಗಿ ಹೇಳುತ್ತದೆ ಮಂತ್ರ. ಮಂತ್ರ ಬಾರದವರೂ ದೇವರ ದೀಪದೆದುರು ಕೂತು ಇದೇ ಕ್ರಮದಲ್ಲಿ ಯೋಚಿಸಬಹುದು. ಮಾತು ಎಂಬಲ್ಲಿ ನಿಲ್ಲಿ: ಯಾರಿಗೆ, ಯಾವಾಗ, ಏನೆಂದೆ? ಕೈ ಎಂಬಲ್ಲಿ: ಯಾರದ್ದು ನನ್ನಲ್ಲಿ ಉಳಿದಿದೆ? ನಮ್ಮೂರಲ್ಲಿ ಉತ್ತರ ಹೆಚ್ಚಾಗಿ ತೋಟದ ಗಡಿಕಲ್ಲು, ಅಕ್ಕತಂಗಿಯರ ಪಾಲು, ಕೆಲಸದವರ ಬಾಕಿ ಕೂಲಿ. "ತಿಳಿದೋ ತಿಳಿಯದೆಯೋ ಆದ ತಪ್ಪು" ಎಂದು ಒಟ್ಟಿಗೆ ಮುಗಿಸುವುದು ತಿಳಿಯದೆ ಆದದ್ದಕ್ಕೆ ಸರಿ. ತಿಳಿದೇ ಮಾಡಿದ್ದನ್ನು ಅದರೊಳಗೆ ಸುತ್ತಿ ತಳ್ಳುವುದೇ ಇಲ್ಲಿ ಆಗುವ ದೊಡ್ಡ ಮೋಸ.

ಮನುಸ್ಮೃತಿಯ 11ನೆಯ ಅಧ್ಯಾಯ ಪಾಪ ಕಳೆಯುವ ದಾರಿಗಳನ್ನು ಹೇಳುವಾಗ ಮೊದಲು ಇಡುವುದು ಖ್ಯಾಪನ, ಅಂದರೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು. ಆಮೇಲೆ ಅನುತಾಪ, ತಪಸ್ಸು, ಅಧ್ಯಯನ. ದಾನ ಕೊನೆಗೆ, ಅದೂ ಆಪತ್ತಿನಲ್ಲಿ. ನಾವು ಮಾತ್ರ ಕೊನೆಯದ್ದರಿಂದ ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತೇವೆ.

ಆದ್ದರಿಂದ ಮೊದಲು ಮನುಷ್ಯರ ಬಳಿಗೆ ಹೋಗಿ. "ಅಣ್ಣಾ, ಗಡಿಯ ವಿಷಯದಲ್ಲಿ ತಪ್ಪು ನನ್ನದೇ" ಎಂದರೆ ಸಾಕು. "ನೀನೂ ಆವತ್ತು" ಎಂದು ಮುಂದುವರಿಸಿದರೆ ಹಳೆ ಜಗಳಕ್ಕೆ ಹೊಸ ಬಾಗಿಲು. ಕೊಡಬೇಕಾದ್ದನ್ನು ಕೊಟ್ಟುಬಿಡಿ. ಒಟ್ಟಿಗೆ ಕೊಡಲಾಗದಿದ್ದರೆ ದಿನ ಹೇಳಿ ಕಂತಿನಲ್ಲಿ ಕೊಡಿ. ಅವರು ಕ್ಷಮಿಸಲೇಬೇಕೆಂದು ಪಟ್ಟು ಹಿಡಿಯಬೇಡಿ, ಅದು ಅವರಿಗೆ ಬಿಟ್ಟದ್ದು.

ಆಮೇಲೆ ಕಾಣಿಕೆ. ಮಿಂದು, ಶುದ್ಧ ಬಟ್ಟೆಯ ತುಂಡಿನಲ್ಲಿ ಕೈಲಾದಷ್ಟು ಹಣ, ಕಡೆಯಲ್ಲಿ ಒಂದು ರೂಪಾಯಿ ಸೇರಿಸಿ ಕಟ್ಟಿ, ಗರ್ಭಗುಡಿಯೆದುರಿನ ನಡೆಯಲ್ಲಿಟ್ಟು ಪ್ರಾರ್ಥಿಸಲು ಭಟ್ರಿಗೆ ಹೇಳಿ. ಅವರು ಪ್ರಾರ್ಥಿಸುವಾಗ ನೀವು ಮನಸ್ಸಿನಲ್ಲಿ ಆ ತಪ್ಪಿನ ಹೆಸರು ಹೇಳಬೇಕು. 'ಇನ್ನು ಹೀಗೆ ಮಾಡಲಾರೆ' ಎಂಬುದೂ ಅದರೊಂದಿಗೇ ಬರಬೇಕು. ಕೂಡಲೇ ಹೋಗಲಾಗದಿದ್ದರೆ ದೇವರ ಕೋಣೆಯಲ್ಲಿ ತೆಗೆದಿಟ್ಟು ಆಮೇಲೆ ಒಪ್ಪಿಸಬಹುದು. "ಜ್ವರ ಬಿಟ್ಟರೆ ಮಧೂರು ಗಣಪತಿಗೆ ಅಪ್ಪದ ಸೇವೆ" ಎಂಬುದು ಹರಕೆ. ಅದೂ ಇರಲಿ, ಆದರೆ ಎರಡನ್ನು ಕಲಸಬೇಡಿ. ತಪ್ಪುಕಾಣಿಕೆಯಲ್ಲಿ 'ಇಂಥದ್ದಾದರೆ ಕೊಡುವೆ' ಎಂಬ ಮಾತಿಗೆ ಜಾಗವಿಲ್ಲ.

ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಐತಿಹ್ಯ ಇದಕ್ಕೆ ಒಪ್ಪುವಂಥದ್ದು. ಪೂಜೆಯ ನಡುವೆ ಕಾಟ ಕೊಟ್ಟ ಹುಡುಗನನ್ನು ವಿಲ್ವಮಂಗಲ ಸ್ವಾಮಿಗಳು ಎಡಗೈಯಿಂದ ತಳ್ಳಿದರು. ನನ್ನನ್ನು ಕಾಣಬೇಕಾದರೆ ಅನಂತನಕಾಡಿಗೆ ಬಾ ಎಂದು ಆ ಹುಡುಗ ಒಂದು ಗುಹೆಯಲ್ಲಿ ಮಾಯವಾದ. ದೇವರನ್ನೇ ತಳ್ಳಿದೆನೆಂದು ತಿಳಿದ ಸ್ವಾಮಿಗಳು ಅಲ್ಲೇ ಕೂತು ಅಳಲಿಲ್ಲ, ಗುಹೆಯ ಹಾದಿ ಹಿಡಿದು ಹುಡುಕುತ್ತ ಹೊರಟರು. ದೇವಸ್ಥಾನದ ಕೆರೆಯ ಮೂಲೆಯಲ್ಲಿ ಆ ಗುಹೆಯನ್ನು ಈಗಲೂ ತೋರಿಸುತ್ತಾರೆ.

ಅನ್ಯಾಯಕ್ಕೊಳಗಾದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ ಒಪ್ಪಿಸಿ, ಕಾರಣ ಹೇಳಿಯೇ ಒಪ್ಪಿಸಿ. ಮಕ್ಕಳೂ ಇಲ್ಲದಿದ್ದರೆ ಅಷ್ಟೇ ಮೊತ್ತ ದಾನಕ್ಕೆ ಹೋಗಲಿ. ಅದರ ರಶೀದಿಯಲ್ಲಿ ನಿಮ್ಮ ಹೆಸರು ಬೇಡ.