385 ಮನೆ ಯಾಕೆ ಸಾಲದು?

ಸಮೀಕ್ಷೆ ಎಂದರೆ 385 ಮನೆ ಕೇಳಿದರೆ ಸಾಕು ಎಂಬುದು ಬಾಯಿಪಾಠವಾಗಿಬಿಟ್ಟಿದೆ. ಲೆಕ್ಕ ಸರಿಯೇ: 1.96ರ (ಶೇ. 95 ವಿಶ್ವಾಸಕ್ಕೆ) ವರ್ಗವನ್ನು 0.25ರಿಂದ (ಅರ್ಧಕ್ಕರ್ಧ ಜನ ಹೌದು ಎನ್ನುವರೆಂಬ ಊಹೆಗೆ) ಗುಣಿಸಿ, 0.05ರ (ಆಚೀಚೆ ಶೇ. 5 ತಪ್ಪಿಗೆ) ವರ್ಗದಿಂದ ಭಾಗಿಸಿದರೆ 384.16. ಆದರೆ ಪೂರ್ತಿ ಪಟ್ಟಿಯಿಂದ ಒಂದೊಂದೇ ಮನೆಯನ್ನು ಚೀಟಿ ಎತ್ತಿ ಆರಿಸಿದ್ದರೆ ಮಾತ್ರ ಈ ಲೆಕ್ಕ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡಕ್ಕೊಂದು ಮನೆ. ಅಡಿಕೆ ಬೆಳೆಗಾರರನ್ನು ಹಾಗೆ ಹುಡುಕಿಕೊಂಡು ಹೋಗುವವರು ಯಾರು? ಮೊದಲು ಊರು ಆರಿಸಿ, ಅಲ್ಲಿ ಇಪ್ಪತ್ತು ಮನೆ ಮುಗಿಸಿ ಬರುವುದೇ ರೂಢಿ.

ಒಂದೇ ಕಣಿವೆಯ ತೋಟಗಳಿಗೆ ಮಳೆಯೂ ಒಂದೇ, ಕೊಳೆರೋಗವೂ ಒಂದೇ, ಸಾಲ ಕೊಡುವ ಸೊಸೈಟಿಯೂ ಬಹುಪಾಲು ಒಂದೇ. ಇಪ್ಪತ್ತನೇ ಮನೆಯವರು ಹೊಸದಾಗಿ ಹೇಳುವುದು ಕಡಿಮೆ. ಈ ಸಾಮ್ಯದ ಅಳತೆಯೇ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್). ಊರಿಗೆ ಎಷ್ಟು ಮನೆಯೋ ಅದರಲ್ಲಿ ಒಂದು ಕಳೆದು, ಐಸಿಸಿಯಿಂದ ಗುಣಿಸಿ, ಒಂದು ಕೂಡಿಸಿದರೆ ಡಿಸೈನ್ ಎಫೆಕ್ಟ್, ಅಂದರೆ 385ನ್ನು ಎಷ್ಟು ಪಟ್ಟು ಮಾಡಬೇಕು ಎಂಬುದು, ಸಿಗುತ್ತದೆ. ಐಸಿಸಿ 0.05 ಎಂದಿಟ್ಟುಕೊಳ್ಳಿ. ಊರಿಗೆ 20 ಮನೆಯಾದರೆ 1.95, ಆಗ ಬೇಕಾದದ್ದು 751 ಮನೆ, 38 ಊರು. ಊರಿಗೆ 10 ಆದರೆ 1.45, 559 ಮನೆ ಸಾಕು, ಆದರೆ 56 ಊರು ಸುತ್ತಬೇಕು. ಜೀಪಿನ ಬಾಡಿಗೆ ಏರಿದರೂ ಎರಡನೆಯದೇ ವಾಸಿ. ಕೊಳೆರೋಗದಂಥ ವಿಷಯಕ್ಕೆ 0.05 ಕೂಡ ಕಡಿಮೆಯಾದೀತು, ಆಗ 20 ಮನೆಯ ಲೆಕ್ಕ ಇನ್ನಷ್ಟು ಕೆಡುತ್ತದೆ.

ಹತ್ತಕ್ಕೊಬ್ಬರು ಉತ್ತರ ಕೊಡಲಿಕ್ಕಿಲ್ಲ ಎಂದಿದ್ದರೆ 559ಕ್ಕೆ ಶೇ. 10 ಕೂಡಿಸಬೇಡಿ, 0.9ರಿಂದ ಭಾಗಿಸಿ. 615 ಅಲ್ಲ, 622.

ಎಷ್ಟು ಜನರನ್ನು ಕೇಳಬೇಕು ಎಂದು ಲೆಕ್ಕ ಹಾಕುವ ಜಿ-ಪವರ್ ಎಂಬ ಸಾಫ್ಟ್‌ವೇರ್ ಉಚಿತ, ಬಳಸಲೂ ಸುಲಭ. ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಪರೀಕ್ಷೆ, ಪರಿಣಾಮದ ಗಾತ್ರ 0.5, ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಎನ್ನುವ ಅಪಾಯ) 0.05, ಪವರ್ (ಇರುವ ವ್ಯತ್ಯಾಸ ಹಿಡಿಯುವ ಸಾಧ್ಯತೆ) 0.80 ಕೊಟ್ಟರೆ ಗುಂಪಿಗೆ 64 ಎನ್ನುತ್ತದೆ. ಊರಿನ ವಿಷಯ ಅದಕ್ಕೆ ಗೊತ್ತಿಲ್ಲ. ಡಿಸೈನ್ ಎಫೆಕ್ಟಿನಿಂದ ಗುಣಿಸುವುದು ನಮ್ಮ ಕೆಲಸ.

ವಿಶ್ಲೇಷಣೆಗೆ ಕೂತಾಗ ಸಾಫ್ಟ್‌ವೇರಿಗೂ ಈ ರಚನೆ ತಿಳಿಸಬೇಕು. ಅಂಕಿಅಂಶದ ಉಚಿತ ಸಾಫ್ಟ್‌ವೇರ್ ಆರ್‌ನಲ್ಲಿ ಥಾಮಸ್ ಲಮ್ಲಿಯವರ 'ಸರ್ವೇ' ಪ್ಯಾಕೇಜ್ ಇದೆ: ಊರು ಕ್ಲಸ್ಟರ್ (ಗುಂಪು), ತಾಲ್ಲೂಕು ಸ್ಟ್ರಾಟಾ (ಮೊದಲೇ ಮಾಡಿಕೊಂಡ ವಿಭಾಗ), ಜೊತೆಗೆ ತೂಕ, ಅಂದರೆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬುದು. ಪ್ರತಿ ತಾಲ್ಲೂಕಿನಲ್ಲೂ ಊರುಗಳಿಗೆ 1, 2, 3 ಎಂದೇ ನಂಬರ್ ಕೊಟ್ಟಿದ್ದರೆ ಎರರ್ ಬರುತ್ತದೆ. 'ನೆಸ್ಟ್' ಎಂಬುದನ್ನು 'ಟ್ರೂ' ಮಾಡಿ. ತಾಲ್ಲೂಕಿಗೆ ಒಂದೇ ಊರು ಆರಿಸಿದ್ದರೆ ವ್ಯತ್ಯಾಸ ಅಳೆಯಲು ಇನ್ನೊಂದು ಊರೇ ಇಲ್ಲ, ಅಲ್ಲೂ ಕೆಲಸ ನಿಲ್ಲುತ್ತದೆ. ಇನ್ನೊಂದು ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನಲ್ಲಿ ಬರೀ 'ವೇಟ್ ಕೇಸಸ್' ಕೊಟ್ಟರೆ, 40 ಮನೆಗಳ ಪರವಾಗಿ ನಿಂತ ಒಂದು ಮನೆಯನ್ನು ಅದು 40 ಮನೆ ಎಂದೇ ಎಣಿಸಿ, ಸ್ಟ್ಯಾಂಡರ್ಡ್ ಎರರನ್ನು (ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) ಸುಳ್ಳೇ ಕುಗ್ಗಿಸುತ್ತದೆ. ಅಲ್ಲಿ ಬೇಕಾದದ್ದು 'ಕಾಂಪ್ಲೆಕ್ಸ್ ಸ್ಯಾಂಪಲ್ಸ್'.

ಇನ್ನು ಎಕ್ಸೆಲ್. ತೋಟದ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿದರೆ ಅದು ತಾರೀಕಾಗಿಬಿಡುತ್ತದೆ, 145/2 ಮಾತ್ರ ಇದ್ದ ಹಾಗೇ ಇರುತ್ತದೆ; ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಟೈಪ್ ಮಾಡುವ ಮೊದಲೇ ಕಾಲಂ ಅನ್ನು 'ಟೆಕ್ಸ್ಟ್' ಮಾಡಿಡಿ. ಆಮೇಲೆ ಮಾಡಿದರೆ ಸರ್ವೆ ನಂಬರ್ ವಾಪಸ್ ಬರುವುದಿಲ್ಲ, ಅರ್ಥವಾಗದ ಐದಂಕಿಯ ಸಂಖ್ಯೆಯೊಂದು ಕೂತಿರುತ್ತದೆ.