ಎರಡನೇ ಎಡಿಷನ್ ಡಿಫೆನ್ಸ್ ರೋಲ್ ಕೊನೆಗೂ ದಾರಿಗೆ ಬಂತು

ಮೂರು ವಾರದಿಂದ ತಲೆ ತಿಂತಿದ್ದ ಸಮಸ್ಯೆ ನಿನ್ನೆ ರಾತ್ರಿ ಬಗೆಹರೀತು, ಖುಷಿ ತಡ್ಕೊಳಕ್ಕಾಗ್ದೆ ನಿದ್ದೆಗಣ್ಣಲ್ಲೇ ಟೈಪ್ ಮಾಡ್ತಿದೀನಿ. ಬಿಗ್ ಐಸ್, ಸ್ಮಾಲ್ ಮೌತ್ ಅಂದ್ರೆ ಅನಿಮೆ ಥರದ ಕಥೆಗಳನ್ನ ದಾಳ ಹಾಕಿ ಆಡೋ ರೋಲ್‌ಪ್ಲೇ ಆಟ, ಪಾತ್ರಕ್ಕೆ ಬಾಡಿ, ಮೈಂಡ್, ಸೋಲ್ ಅಂತ ಸ್ಟ್ಯಾಟ್ (ಸಾಮರ್ಥ್ಯದ ಅಂಕಿ) ಇರುತ್ತೆ. ಎರಡನೇ ಎಡಿಷನ್‌ನಲ್ಲಿ ಎರಡು ದಾಳದ ಮೊತ್ತ ಆ ಅಂಕಿಯಷ್ಟು ಅಥವಾ ಕಮ್ಮಿ ಬಿದ್ರೆ ಗೆಲುವು. ಸೀದಾ ವಿಷಯಕ್ಕೆ ಬರ್ತೀನಿ.

ನಮ್ಮ ಮ್ಯಾಜಿಕಲ್ ಗರ್ಲ್ ಕ್ಯಾಂಪೇನ್ (ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯೋ ಕಥೆ) ಶುರುವಿಂದಲೂ ಎರಡನೇ ಎಡಿಷನ್‌ನಲ್ಲೇ ನಡೀತಿದೆ. ಕೊನೇ ಯುದ್ಧ. ನಾಯಕಿಯ ಎಸಿವಿ (ಹೊಡೆಯೋ ಅಂಕಿ) 11, ಎದುರಿಗಿರೋ ರಾಣಿಯ ಡಿಸಿವಿ (ತಡೆಯೋ ಅಂಕಿ) 9. ಒಂದೂವರೆ ವರ್ಷದ ಕಥೆ ಎಲ್ಲ ಆ ಒಂದು ಹೊಡೆತಕ್ಕೆ ಬಂದು ನಿಂತಿದೆ, ಆಟಗಾರ್ತಿ ಎದ್ದು ನಿಂತು ಡೈಲಾಗ್ ಹೇಳಿ ದಾಳ ಹಾಕಿದ್ಲು, 3 ಬಿತ್ತು. ಎಂಥ ರೋಲ್! ಎಲ್ರೂ ಕೂಗಿದ್ವಿ. ಆಮೇಲೆ ನಾನು ರಾಣಿ ಪರವಾಗಿ ಡಿಫೆನ್ಸ್ (ಹೊಡೆತ ತಡೆಯೋ ದಾಳ) ಹಾಕ್ದೆ, 9 ಬಿತ್ತು, ಕರೆಕ್ಟಾಗಿ 9, ಅಲ್ಲಿಗೆ ಮುಗೀತು, ಹೊಡೆತ ಗಾಳಿಗೆ ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ ಹಾಗೆ. ಅದಾದ್ಮೇಲೆ ಇನ್ನೂ ನಲವತ್ತು ನಿಮಿಷ ಇಬ್ರೂ ಬರೀ ತಪ್ಪಿಸ್ಕೊಳ್ತಾನೇ ಇದ್ರು, ಒಬ್ರು ಆಕಳಿಸಿದ್ದೂ ಕಾಣಿಸ್ತು.

ಮೊದ್ಲು ದಾಳದ ಮೇಲೆ ಅನುಮಾನ ಬಂತು. ಅದು ಹೊಸ ಸೆಟ್, ಮಾರಿದವರು ಕಳಿಸಿದ್ರಲ್ಲಿ ಎರಡು ದಾಳಕ್ಕೆ ಚುಕ್ಕಿಯ ಬಣ್ಣನೇ ಸರಿಯಾಗಿ ಕೂತಿರ್ಲಿಲ್ಲ. ದಾಳ ಬದಲಾಯಿಸಿ ಆಡಿದ್ರೂ ಅದೇ ಕಥೆ. ಆಮೇಲೆ ಸ್ಪ್ರೆಡ್‌ಶೀಟ್ ತೆಗೆದು ಕೂತೆ, ಕೂತಿದ್ದಕ್ಕೆ ಸಾರ್ಥಕ ಆಯ್ತು. ನ್ಯಾಚುರಲ್ 2, ನ್ಯಾಚುರಲ್ 12ರ (ದಾಳದಲ್ಲೇ 2 ಅಥವಾ 12 ಬಿದ್ದಾಗಿನ) ಸ್ಪೆಷಲ್ ರೂಲ್ಸ್ ಪಕ್ಕಕ್ಕಿಟ್ಟು ನೋಡಿ. ಡಿಸಿವಿ ಅಂದ್ರೆ ಎಸಿವಿಗಿಂತ 2 ಕಮ್ಮಿ. ಕ್ಯಾಂಪೇನ್ ಶುರುವಲ್ಲಿ ಎಸಿವಿ 7, ಡಿಸಿವಿ 5: ಹೊಡೆತ ಬೀಳೋ ಚಾನ್ಸ್ 58.3%, ಎದುರಾಳಿ ತಡೆಯದೇ ಇರೋ ಚಾನ್ಸ್ 72.2%, ಎರಡೂ ಸೇರಿ 42.1%. 8ಕ್ಕೆ ಹೋದ್ರೂ 42.1%. 9ರಲ್ಲಿ 34.7%. 10ರಲ್ಲಿ 25.5%. 11ರಲ್ಲಿ 16.2%! ಅಂದ್ರೆ ಸಮಬಲದವರು ಬಲಿತಷ್ಟೂ ಒಬ್ಬರಿಗೊಬ್ಬರು ಹೊಡೆಯೋದು ಕಷ್ಟ ಆಗ್ತಾ ಹೋಗುತ್ತೆ. ಆರಂಭದಲ್ಲಿ ಐದಕ್ಕೆ ಎರಡು ಹೊಡೆತ ತಗಲ್ತಿತ್ತು, ಕ್ಲೈಮ್ಯಾಕ್ಸ್‌ನಲ್ಲಿ ಆರಕ್ಕೆ ಒಂದು. ಅನಿಮೆ ಕಥೆಗೆ ಬೇಕಾಗಿರೋದು ಇದರ ಪೂರ್ತಿ ಉಲ್ಟಾ.

ತಪ್ಪು ಇರೋದು ದಾಳದಲ್ಲಲ್ಲ, ಡಿಫೆನ್ಸ್‌ಗೆ ಕಿವಿ ಇಲ್ದೇ ಇರೋದ್ರಲ್ಲಿ. ಹೊಡೆಯೋನು 3 ಹಾಕಿರ್ಲಿ 11 ಹಾಕಿರ್ಲಿ, ತಡೆಯೋನಿಗೆ ಅದು ಗೊತ್ತೇ ಆಗಲ್ಲ, ಅವನು ತನ್ನ ಡಿಸಿವಿ ಒಳಗೆ ಹಾಕಿದ್ರೆ ಸಾಕು.

ಸರಿ, ಬೇರೆ ಎಡಿಷನ್‌ಗಳಲ್ಲಿ ಇದನ್ನ ಏನ್ಮಾಡಿದಾರೆ ಅಂತ ನೋಡೋಣ ಅಂದ್ಕೊಂಡೆ. 1997ರ ಮೊದಲನೇದು, 2000ದ ಎರಡನೇದು ಎರಡೂ ಸ್ಟ್ಯಾಟ್‌ನಷ್ಟು ಅಥವಾ ಅದಕ್ಕಿಂತ ಕೆಳಗೆ ಹಾಕೋ ಲೆಕ್ಕ. ಎರಡನೇದರ ರಿವೈಸ್ಡ್ ಪ್ರತಿಗೆ ಆರ್ಡರ್ ಮಾಡಿದ್ದೆ, ಲಿಸ್ಟಿಂಗ್‌ನಲ್ಲೂ ರಿವೈಸ್ಡ್ ಅಂತಾನೇ ಇತ್ತು, ಬಂದಿದ್ದು ನನ್ಹತ್ರ ಆಗ್ಲೇ ಇರೋ 2000ದ್ದು, ಅದೂ ಬೈಂಡಿಂಗ್ ಬಿಟ್ಟು ಹಾಳೆ ಹಾಳೆಯಾಗಿ. ವಾಪಸ್ ತಗೊಳ್ಳಿ ಅಂದ್ರೆ "ಒಳಗಿನ ರೂಲ್ಸ್ ಒಂದೇ ಅಲ್ವಾ" ಅಂತ ಉತ್ತರ ಬಂತು. ಹೊಟ್ಟೆ ಉರೀತು. ಎಡಿಷನ್ ಎಡಿಷನ್‌ಗೂ ಇರೋ ವ್ಯತ್ಯಾಸಕ್ಕೇ ನಾವು ಜೀವ ತೇಯ್ತಿರೋದು ಅಂತ ಇವರಿಗೆ ಯಾರು ಹೇಳೋದು. 2007ರ ಮೂರನೇದು ಬಂದಾಗ ಆಟ ತಂದಿದ್ದ ಗಾರ್ಡಿಯನ್ಸ್ ಆಫ್ ಆರ್ಡರ್ ಕಂಪನಿನೇ ಇರ್ಲಿಲ್ಲ, 2006ರಲ್ಲೇ ಮುಚ್ಚಿತ್ತು, ಆದ್ರೆ ಆ ಮೂರನೇದ್ರಲ್ಲೇ ಲೆಕ್ಕ ತಿರುಗಿದ್ದು: ದಾಳಕ್ಕೆ ಸ್ಟ್ಯಾಟ್ ಕೂಡಿಸು, ಜಾಸ್ತಿ ಬಂದಷ್ಟೂ ಒಳ್ಳೇದು. 2020ರ ನಾಲ್ಕನೇದೂ ಅದೇ ದಾರಿ. ಇದ್ರಲ್ಲಿ ಇಬ್ರೂ ದಾಳ ಹಾಕಿ ತಂತಮ್ಮ ವ್ಯಾಲ್ಯೂ ಕೂಡಿಸಿ ಹೋಲಿಸ್ತಾರೆ, ಹಾಗಾಗಿ ಒಳ್ಳೇ ಹೊಡೆತವನ್ನ ತಡೆಯೋದು ನಿಜವಾಗ್ಲೂ ಕಷ್ಟ.

ಕ್ಯಾಂಪೇನ್ ಮಧ್ಯ ಪೂರ್ತಿ ನಾಲ್ಕನೇದಕ್ಕೆ ಹಾರೋಕೆ ಯಾರಿಗೂ ಮನಸ್ಸಿರ್ಲಿಲ್ಲ, ಪಾತ್ರಗಳ ಶೀಟ್ ಎಲ್ಲ ಹೊಸದಾಗಿ ಪಾಯಿಂಟ್ ಲೆಕ್ಕ ಹಾಕಿ ಬರೀಬೇಕು. ಹೋರಾಟ ಮಾತ್ರ ಹೊಸ ರೀತಿ, ಮಿಕ್ಕಿದ್ದು ಹಳೇದು ಅಂತ ಒಂದು ಸೆಷನ್ ಆಡಿದ್ವಿ. ರಾದ್ಧಾಂತ! ಬೀಗ ತೆಗೆಯೋಕೆ ಕಮ್ಮಿ ಬೀಳ್ಬೇಕು, ಕತ್ತಿ ಬೀಸೋಕೆ ಜಾಸ್ತಿ ಬೀಳ್ಬೇಕು, ಒಬ್ಬ 4 ಹಾಕಿ ಕುಣಿದಾಡಿದ ಮೇಲೆ ಅದು ಅಟ್ಯಾಕ್ ರೋಲ್ ಅಂತ ನೆನಪಾಯ್ತು, ಅವನ ಮುಖ ನೋಡೋಕಾಗ್ಲಿಲ್ಲ.

ನಿನ್ನೆ ರಾತ್ರಿ ಹೊಳೆದಿದ್ದು ಇದು. ಎರಡು ದಾಳದ ಮೊತ್ತ 7ರ ಎರಡೂ ಕಡೆ ಕನ್ನಡಿ ಥರ ಇದೆ, 5 ಬೀಳೋ ಚಾನ್ಸೂ 9 ಬೀಳೋ ಚಾನ್ಸೂ ಒಂದೇ. ಹಾಗಾದ್ರೆ ಸ್ಟ್ಯಾಟ್ 8ಕ್ಕೆ "8 ಅಥವಾ ಕಮ್ಮಿ" ಅನ್ನೋದೂ, "6 ಅಥವಾ ಜಾಸ್ತಿ" ಅನ್ನೋದೂ ಒಂದೇ, ಎರಡೂ 72.2%. 6ಕ್ಕೆ 8 ಕೂಡಿಸಿದ್ರೆ 14. ಸ್ಟ್ಯಾಟ್ 5 ತಗೊಳ್ಳಿ, 9 ಬೇಕು, ಮತ್ತೆ 14. ಎಲ್ಲಾ ಸ್ಟ್ಯಾಟ್‌ಗೂ 14! ದಾಳ, ಸ್ಟ್ಯಾಟ್, ಸ್ಕಿಲ್ ಕೂಡಿಸಿ 14 ಮುಟ್ಟಿದ್ರೆ ಗೆಲುವು, ಹಳೇ ಶೀಟ್‌ನಲ್ಲಿ ಒಂದಕ್ಷರ ಬದಲಾಯಿಸ್ಬೇಕಿಲ್ಲ, ಒಂದು ಪರ್ಸೆಂಟೂ ಆಚೀಚೆ ಆಗಲ್ಲ. ಹೋರಾಟಕ್ಕೂ ಮಿಕ್ಕಿದ್ದಕ್ಕೂ ಜಾಸ್ತಿನೇ ಒಳ್ಳೇದು. ಕುರ್ಚಿಯಿಂದ ಎದ್ದು ರೂಮೆಲ್ಲ ಓಡಾಡಿದೆ.

ಉಳಿದಿದ್ದು ಡಿಸಿವಿಯ ಆ 2. ಹೋರಾಟದಲ್ಲಿ ನಾಲ್ಕನೇದರ ಥರ ಇಬ್ರ ಮೊತ್ತ ಹೋಲಿಸೋದು, ಆ 2 ಹಾಗೇ ಉಳಿಸ್ಕೊಂಡು, ಇಬ್ರ ಮೊತ್ತ ಸಮ ಬಿದ್ರೆ ಗೆಲುವು ತಡೆಯೋನಿಗೆ ಅಂತ ಕೊಟ್ರೆ ಹೊಡೆತ ತಗಲೋದು 66.4%, ಅದು ನನಗೆ ಅತಿ ಆಯ್ತು, ರಾಣಿ ಎರಡು ಡೈಲಾಗ್ ಹೇಳೋಷ್ಟ್ರಲ್ಲಿ ನೆಲಕ್ಕೆ ಬೀಳ್ತಾಳೆ. 2 ತೆಗೆದುಹಾಕಿ ಸಮ ಬಿದ್ದಿದ್ದನ್ನ ಹೊಡೆಯೋನಿಗೆ ಕೊಟ್ರೆ 55.6%. ಡಿಸಿವಿ 1 ಮಾತ್ರ ಕಮ್ಮಿ ಮಾಡಿ ಸಮವನ್ನ ತಡೆಯೋನಿಗೆ ಕೊಟ್ರೂ ಕರೆಕ್ಟಾಗಿ ಅದೇ 55.6%, ಇದು ಗೊತ್ತಾಗೋಕೆ ಒಂದು ಸಂಜೆ ಹೋಯ್ತು. ನಾವು ಮೊದಲನೇದನ್ನೇ ಇಟ್ಕೊಂಡ್ವಿ, ಸಮ ಬಿದ್ದಾಗ ಹೊಡೆತ ತಗಲೋದೇ ಚೆಂದ. ಮುಖ್ಯ ಏನಂದ್ರೆ ಸಮಬಲದವರಿಗೆ ಇದು 7ರಲ್ಲೂ 55.6, 11ರಲ್ಲೂ 55.6.

ನಾಲ್ಕನೇದರ ಎಡ್ಜ್ ಕೂಡ ಎತ್ಕೊಂಡೆ: ಮೂರು ದಾಳ ಹಾಕಿ ದೊಡ್ಡ ಎರಡು ಇಟ್ಕೊಳ್ಳೋದು, ಸರಾಸರಿ 7ರಿಂದ ಸುಮಾರು 8.5ಕ್ಕೆ ಏರುತ್ತೆ. ಫಿನಿಷಿಂಗ್ ಮೂವ್‌ಗೆ ಅಂತಾನೇ ಹುಟ್ಟಿದ ರೂಲ್ ಇದು.

ಇದೇ ಗುಂಗಲ್ಲಿ ಮುಂದಿನದೂ ತಲೆಗೆ ಬಂದುಬಿಟ್ಟಿದೆ. ಮೆಕಾ! ಎರಡನೇ ಎಡಿಷನ್‌ನ ಓನ್ ಎ ಬಿಗ್ ಮೆಕಾ ಆಟ್ರಿಬ್ಯೂಟ್ (ಪಾತ್ರಕ್ಕೆ ಕೊಡೋ ವಿಶೇಷ ಶಕ್ತಿ) ಎಷ್ಟು ಪ್ರೀತಿಯಿಂದ ಬರೆದಿದಾರೆ ಅಂದ್ರೆ ಹೆಸರು ಓದಿದ್ರೇ ಒಂದು ರೋಬೋ ಬೇಕು ಅನ್ಸುತ್ತೆ. ಅದನ್ನ 2003ರ ಟ್ರೈ-ಸ್ಟ್ಯಾಟ್ ಡಿಎಕ್ಸ್‌ಗೆ (ಅದೇ ಕಂಪನಿಯ ಇನ್ನೊಂದು ರೂಲ್ಸ್ ಪುಸ್ತಕ) ಒಯ್ಯೋ ಆಸೆ, ಅಲ್ಲಿ ಆಟದ ಗಾತ್ರಕ್ಕೆ ತಕ್ಕ ಹಾಗೆ ದಾಳನೇ ದೊಡ್ಡದು ಮಾಡ್ಬಹುದು. ಎರಡು ಡಿ10 (ಹತ್ತು ಮುಖದ ದಾಳ) ಹಾಕಿದ್ರೆ ನನ್ನ 14 ಆಗ 22 ಆಗುತ್ತೆ, ಲೆಕ್ಕ ಆಗ್ಲೇ ಮಾಡಿಟ್ಟಿದೀನಿ. ಮೂರು ಕಾಕ್‌ಪಿಟ್ ಶೀಟ್ ಕೂಡ ಪೆನ್ಸಿಲ್‌ನಲ್ಲಿ ಶುರುವಾಗಿದೆ, ಆದ್ರೆ ಮೊದ್ಲು ಈ ಯುದ್ಧ ಮುಗೀಲಿ.

ಬೆಳಿಗ್ಗೆ ಆಟಗಾರ್ತಿಗೆ ಫೋನ್ ಮಾಡಿ ಆ ಹೊಡೆತ ಮತ್ತೆ ಆಡೋಣ್ವಾ ಅಂತ ಕೇಳ್ದೆ. ಹಳೇ 3 ಅಂದ್ರೆ ಕನ್ನಡೀಲಿ 11, ಅದಕ್ಕೆ ಎಸಿವಿ 11 ಸೇರಿ 22. ರಾಣಿಯ 9 ತಿರುಗಿದ್ರೆ 5, ಅವಳ ಹೊಸ ಡಿಸಿವಿ 11 ಕೂಡಿಸಿದ್ರೆ 16. ಆ ಕಡೆಯಿಂದ ಒಂದು ಕಿರುಚು ಕೇಳಿಸ್ತು, ಆಮೇಲೆ "ಮತ್ತೆ ಹಾಕೋದೇನೂ ಬೇಡ, ಅವತ್ತಿನ ದಾಳನೇ ಇರ್ಲಿ" ಅಂದ್ಲು. ಭಾನುವಾರ ಅಲ್ಲಿಂದಲೇ ಶುರು.